ಡೋವರ್ ರಸ್ತೆಯಲ್ಲಿ ಸ್ನೇಹದ ಚೀಸ್

ಯುರೋಪಿನ ಒಕ್ಕೂಟವನ್ನು ಬಿಟ್ಟುಬಂದ ನಿರ್ಧಾರ ಸರಿಯಾಗಿಯೇ ಇತ್ತು, ಅದರ ಪರಿಣಾಮಗಳು ಮಾತ್ರ ದಾರಿ ತಪ್ಪಿದವು ಎಂದು ಬ್ರಿಟನ್ ಸರ್ಕಾರ ಅಧಿಕೃತವಾಗಿ ತೀರ್ಮಾನಿಸಿತು. ಅವುಗಳನ್ನು ದಾರಿಗೆ ತರಲು ಲಂಡನ್ನಿನಲ್ಲಿ ಸೌಹಾರ್ದ ಪುನಃಸ್ಥಾಪನಾ ಇಲಾಖೆ ತೆರೆಯಿತು. ನಾನು ಅಲ್ಲಿ ಗುಮಾಸ್ತ. ನಮ್ಮ ಮೊದಲ ನಿಯಮದ ಪ್ರಕಾರ "ವಾಪಸ್ ಹೋಗುವುದು" ಎನ್ನುವಂತಿಲ್ಲ. "ಹಿಂದಿನ ದಿಕ್ಕಿನಲ್ಲಿ ಮುನ್ನಡೆಯುವುದು" ಎನ್ನತಕ್ಕದ್ದು.

ಸಾಮರ್ಸೆಟ್ಟಿನ ಮ್ಯೂರಿಯಲ್ ಚಬ್ ಎಂಬಾಕೆಯ ಚೀಸ್ ಮೊದಲೆಲ್ಲ ಫ್ರಾನ್ಸಿಗೆ ಹೋಗುತ್ತಿತ್ತು. ಬಿಟ್ಟುಬಂದ ಮೇಲೆ ಗಡಿ ತಪಾಸಣೆಯ ಕಾಟಕ್ಕೆ ಹಳೇ ಗಿರಾಕಿಗಳು ಡಚ್ ಚೀಸಿನ ಕಡೆ ಹೋದರು. ಪಾಪ, ಹಸು ಮಾರುವ ಗತಿ ಬಂದಿತ್ತು. ನಮ್ಮ ನಿರ್ದೇಶಕ ಲವೆಲ್ ಸಾಹೇಬರು ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸಿಗೆ ಸ್ನೇಹದ ಕಾಣಿಕೆಯಾಗಿ ಆಕೆಯ ಚೀಸನ್ನೇ ಆರಿಸಿದರು. ಮ್ಯೂರಿಯಲ್ ಒಂದು ಲಾರಿ ತುಂಬಿಸಿಕೊಂಡು ತಾನೇ ಹೊರಟಳು. ಫ್ರಾನ್ಸಿಗೆ ಹಡಗು ಹೊರಡುವ ಡೋವರ್ ಬಂದರಿನ ರಸ್ತೆಯಲ್ಲಿ, ತಪಾಸಣೆಗೆ ಕಾಯುವ ಲಾರಿಗಳ ಸಾಲಿನಲ್ಲಿ ನಿಂತಳು. ಸಾಲು ಅಲುಗಲಿಲ್ಲ.

ಸಾಹೇಬರಿಗೆ ಅವಳ ಫೋನು ಬಂತು. "ಸರ್ಕಾರದ ಚೀಸ್ ಅಲ್ವೇನ್ರೀ ಇದು? ಮುಂದಕ್ಕೆ ಬಿಡ್ಸಿ!"

ಸಾಹೇಬರ ಮುಖ ಬಿಳಿಚಿತು. "ಸಾಲು ಮುರಿಯೋದಾ? ಒಕ್ಕೂಟ ಬಿಟ್ಟೋರು ನಾವು, ನಿಜ. ಸಾಲು ಬಿಟ್ಟೋರಲ್ಲಮ್ಮ!"

"ಹಂಗಾದ್ರೆ ನನ್ನ ಹಸುಗಳಿಗೆ ನಿಮ್ಮ ಮರ್ಯಾದೆನೇ ಮೇವು ಹಾಕ್ಲಾ?"

ಅವಳು ಫೋನಿಟ್ಟು ಚಾಕು ತೆಗೆದಳು. ಊರಿಗೆ ಮರಳುತ್ತಿದ್ದ ಫ್ರೆಂಚ್ ಚಾಲಕರು ಹಿಂದೆ ಮುಂದೆ ಹಸಿದು ಕೂತಿದ್ದರು. ಸಂಜೆಯೊಳಗೆ ಕಾಣಿಕೆಯೆಲ್ಲ ಕಾಸಿಗೆ ಮಾರಿ ಖಾಲಿ. ವಿಚಾರಣೆಗೆ ಸಾಹೇಬರು ನನ್ನನ್ನೂ ಕರೆದುಕೊಂಡು ಸ್ಥಳಕ್ಕೆ ಹೋದರು.

"ತಿಂದೋರು ಯಾರು?"

"ಫ್ರೆಂಚರು, ಸ್ವಾಮಿ. ಇನ್ನೂ ಇದೆಯಾ ಅಂತ ಕೇಳ್ತಿದಾರೆ."

"ಅಂದ್ರೆ ಇದು ರಫ್ತು!"

ಮಾರನೆಯ ದಿನ ಪ್ರಕಟಣೆ ಹೊರಟಿತು: "ವಿದೇಶಿಯ ಹೊಟ್ಟೆ ಸೇರಿದ ವಸ್ತುವನ್ನು ವಿದೇಶ ಸೇರಿದಂತೆಯೇ ಪರಿಗಣಿಸತಕ್ಕದ್ದು." ರಫ್ತು ಏರಿತು. ಮ್ಯೂರಿಯಲ್ ಪ್ರತಿ ವಾರ ಬಂದು ಸಾಲಿನಲ್ಲಿ ನಿಲ್ಲತೊಡಗಿದಳು. ತಪಾಸಣೆ ದಾಟಲು ಒಮ್ಮೆಯೂ ಹೋಗಲಿಲ್ಲ. ಹಸು ಮಾರುವ ಮಾತು ನಿಂತಿತು.

ಸಂಬಂಧ ಇಷ್ಟು ಸುಧಾರಿಸಿದ್ದು ಕಂಡು ಬ್ರಸೆಲ್ಸಿನವರು ತಪಾಸಣೆಯನ್ನೇ ಎತ್ತಿಹಾಕಲು ಒಪ್ಪಿದರು. ಸಹಿ ಹಾಕಲು ನಮ್ಮ ಮಂತ್ರಿಗಳು ಕಾರಿನಲ್ಲಿ ಹೊರಟರು. ಡೋವರ್ ರಸ್ತೆಯಲ್ಲಿ ಸಾಲು ಕಂಡಿತು. ಮಂತ್ರಿಗಳು ಸಂಸ್ಕಾರವಂತರು, ಕೊನೆಯಲ್ಲಿ ನಿಂತರು.

ಸಾಲು ಹೋದರೆ ತನ್ನ ಗಿರಾಕಿಗಳೂ ಹೋದರೆಂದು ಮ್ಯೂರಿಯಲ್‌ಗೆ ತಿಳಿಯದೆ? ಒಂದು ದೊಡ್ಡ ತುಂಡು ಕತ್ತರಿಸಿ ಕಾರಿನ ಕಿಟಕಿಗೆ ಹಿಡಿದಳು.

"ಅವಸರ ಏನಿಲ್ಲ ಅಲ್ವಾ, ಸ್ವಾಮಿ?"

"ಛೆ ಛೆ! ಸರದಿ ಬರಲಿ, ತಾಯಿ."

ಮಂತ್ರಿಗಳು ಇನ್ನೂ ಅಲ್ಲೇ ಇದ್ದಾರೆ. ಅವರು ತಿನ್ನುವ ಚೀಸು ರಫ್ತಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಇಲಾಖೆ ಸ್ಪಷ್ಟಪಡಿಸಿದೆ.