ಜರಿ ಅಂಚಿನ ಮಸಿಬಟ್ಟೆ

ಹೊಸ ಮಸಿಬಟ್ಟೆಯನ್ನು ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಬಿಸಿ ಪಾತ್ರೆ ಹಿಡಿಯುವ ಈ ಬಟ್ಟೆ ಹುಟ್ಟುವಾಗಲೇ ಮುದಿ. ಪಂಚೆಯಾಗಿಯೋ ಲಂಗವಾಗಿಯೋ ಬಾಳಿ ಬದುಕಿ, ಇನ್ನು ಯಾವುದಕ್ಕೂ ಆಗದು ಎಂದಾದ ಮೇಲೆ ಒಲೆಯ ಪಕ್ಕಕ್ಕೆ ಬರುತ್ತದೆ. ಬಂದ ಮೇಲೆ ಅದನ್ನು ಎಸೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ನಾನು ಎಸೆದೆ. ಕಷ್ಟ ಶುರುವಾದದ್ದು ಅಲ್ಲಿಂದಲೇ.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ನಮ್ಮತ್ತೆ. ನಮ್ಮವರು ತೀರಿಕೊಂಡು ಎಂಟು ವರ್ಷವಾಯಿತು, ಮಕ್ಕಳಿಲ್ಲ. ಉಳಿದ ನಾವಿಬ್ಬರೂ ದಿನಾ ತಪ್ಪದೆ ಜಗಳವಾಡಿಕೊಂಡು ನೆಮ್ಮದಿಯಾಗಿದ್ದೆವು. ಮುದ್ದೆ ಮಾಡುವಾಗ ಮಾತ್ರ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಬೆಂದ ಹಿಟ್ಟನ್ನು ಕೋಲಿನಿಂದ ತಿರುವುವಾಗ ಪಾತ್ರೆಯೂ ಜೊತೆಗೇ ಗಿರ್ರನೆ ತಿರುಗುತ್ತದಲ್ಲ, ಅದನ್ನು ಅತ್ತೆ ಮಸಿಬಟ್ಟೆಯಲ್ಲಿ ಅಮುಕಿ ಹಿಡಿಯುತ್ತಿದ್ದರು. "ಕೈಯಾಗೆ ಸತ್ವ ಇಲ್ವೇನೆ? ಒತ್ತಿ ತಿರ್ವು" ಎಂದು ಅವರು, "ನೀವು ಮೊದಲು ಸರಿಯಾಗಿ ಹಿಡೀರಿ" ಎಂದು ನಾನು. ಆ ಬಟ್ಟೆ ಕಪ್ಪಗೆ, ಜಿಡ್ಡಾಗಿ, ರೊಟ್ಟಿಯಷ್ಟು ಗಟ್ಟಿಯಾಗಿತ್ತು. ಹಬ್ಬಕ್ಕೆ ಮನೆ ತೊಳೆದ ಹುರುಪಿನಲ್ಲಿ ಒಂದು ಬೆಳಗ್ಗೆ ಅದನ್ನು ಕಸದ ಗಾಡಿಗೆ ಹಾಕಿಬಿಟ್ಟೆ.

"ಇವತ್ತು ಮಸಿಬಟ್ಟೆ ಬಿಸಾಕ್ದೆ, ನಾಳಿಕೆ ನನ್ನ ಬಿಸಾಕ್ತೀಯ" ಎಂದರು ಅತ್ತೆ. "ನಿಮ್ಮನ್ನು ಕಸದ ಗಾಡಿಯವನು ಹತ್ತಿಸಿಕೊಳ್ಳಲ್ಲ" ಎಂದೆ. ತಮಾಷೆಗೆ ಕಣ್ರೀ! ಅರ್ಧ ಗಂಟೆಯಲ್ಲಿ ಬ್ಯಾಗು ಹಿಡಿದು ಕೊಣನೂರಿಗೆ, ಮಗಳು ಸಾವಿತ್ರಿಯ ಮನೆಗೆ ಹೊರಟೇಬಿಟ್ಟರು. ಮೂರು ತಿಂಗಳಾಯಿತು. ಬರುತ್ತೇನೆ ಎಂದು ಅವರು ಹೇಳಲಿಲ್ಲ, ಬನ್ನಿ ಎಂದು ನಾನು ಕರೆಯಲಿಲ್ಲ.

ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ದಿನವೆಲ್ಲ 'ನಿಶ್ಶಬ್ದವಾಗಿರಿ' ಎಂಬ ಬೋರ್ಡಿನ ಕೆಳಗೆ ಕೂತಿರುತ್ತೇನೆ. ಸಂಜೆ ಮನೆಗೆ ಬಂದರೆ ಅಲ್ಲೂ ಅದೇ, ಬೋರ್ಡು ಇಲ್ಲ ಅಷ್ಟೆ. ಸದ್ದಿರಲಿ ಎಂದು ಮಿಕ್ಸಿಯನ್ನು ಸುಮ್ಮಸುಮ್ಮನೆ ಓಡಿಸಿ ಎಷ್ಟೋ ಸಲ ಚಟ್ನಿಯನ್ನು ನೀರು ಮಾಡಿದ್ದೇನೆ. ಮುದ್ದೆಯನ್ನಂತೂ ಮಾಡಲೇ ಇಲ್ಲ. ಕೇಳಿದವರಿಗೆ "ಒಬ್ಬಳಿಗೋಸ್ಕರ ಯಾರು ಮಾಡ್ಕೋತಾರೆ" ಎನ್ನುತ್ತಿದ್ದೆ. ನಿಜವೆಂದರೆ ಪಾತ್ರೆ ಹಿಡಿಯುವವರಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಅತ್ತೆಯಿಲ್ಲದೆ ನನಗೆ ಊಟವೇ ಸೇರುತ್ತಿರಲಿಲ್ಲ. ಇದನ್ನು ನಿಮಗೆ ಹೇಳುತ್ತಿದ್ದೇನೆ, ಅವರಿಗೆ ಹೇಳಿರಲಿಲ್ಲ.

ಹೋಗಲಿ, ಯಾರ ಹಂಗೂ ಬೇಡ, ದಪ್ಪನೆಯ ಮಸಿಬಟ್ಟೆಯೊಂದನ್ನು ಹೊಲಿದುಕೊಂಡು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ತಿರುವುತ್ತೇನೆ ಎಂದು ಹಟ ಹುಟ್ಟಿತು. ನಮ್ಮ ಬೀದಿಯ ಟೈಲರ್ ರಂಗಣ್ಣನ ಅಂಗಡಿಗೆ ಹೋಗಿ, ಚೂರು ಬಟ್ಟೆಯ ಮೂಟೆಗೆ ಕೈ ಹಾಕಿ, ಹೊಳೆಯುವ ಕೆಂಪು ಚೂರುಗಳನ್ನೇ ಆರಿಸಿದೆ. ರಂಗಣ್ಣ ಕನ್ನಡಕದ ಮೇಲಿಂದ ನೋಡಿ, "ಅಕ್ಕಾ, ಅದು ನೈಸ್ ಬಟ್ಟೆ, ಪಾಲಿಸ್ಟರ್ರು. ಒಲೆ ತಾವ ಆಗಾಕಿಲ್ಲ ಕಣಕ್ಕಾ. ಈ ಕಾಟನ್ ಚೂರು ತಕೊಂಡೋಗಿ" ಎಂದ. ಕಾಟನ್ನು ಮಂಕಾಗಿತ್ತು. "ನನಗೆ ಗೊತ್ತು ರಂಗಣ್ಣ" ಎಂದೆ. ನನ್ನ ಬಾಯಿಂದ ಈ ಮಾತು ಬಂದಾಗಲೆಲ್ಲ ಏನಾದರೊಂದು ಅನಾಹುತ ಆಗಿದೆ.

ಆರು ಪದರ ಜೋಡಿಸಿ ನಾಲ್ಕೂ ಕಡೆ ಹೊಲಿದೆ. ಆಮೇಲೆ ನೋಡಿದರೆ ಒಳಮೈ ಹೊರಗಿದೆ, ಮಗುಚಲು ಸಂದಿಯನ್ನೇ ಬಿಟ್ಟಿಲ್ಲ. ಒಂದು ಕಡೆ ಬಿಚ್ಚಿ, ಮಗುಚಿ, ಬೆರಳಿಗೆ ಮೂರು ಸಲ ಸೂಜಿ ಚುಚ್ಚಿಸಿಕೊಂಡು, ಮೇಲೊಂದು ಜರಿ ಅಂಚನ್ನೂ ಕೂಡಿಸಿದೆ. ಚೌಕ ಮಾಡಹೊರಟದ್ದು ಐದು ಮೂಲೆಯದ್ದಾಗಿತ್ತು. ಆದರೂ ಎಷ್ಟು ಚೆನ್ನಾಗಿತ್ತೆಂದರೆ ಯಾರಿಗಾದರೂ ತೋರಿಸಬೇಕೆನಿಸಿತು. ಅದನ್ನು ಕೈಯಲ್ಲಿ ಹಿಡಿದು ನಡುಮನೆಯವರೆಗೆ ಬಂದು, ಅತ್ತೆಯ ಖಾಲಿ ಕುರ್ಚಿ ನೋಡಿ, ಹಾಗೇ ಅಡುಗೆಮನೆಗೆ ವಾಪಸು ಹೋದೆ.

ಭಾನುವಾರ ಮಧ್ಯಾಹ್ನ ಎಸರಿಟ್ಟೆ. ಹಿಟ್ಟು ಬೆಂದಿತು. ಜರಿ ಅಂಚಿನ ಮಸಿಬಟ್ಟೆಯಲ್ಲಿ ಪಾತ್ರೆಯನ್ನು ಅಮುಕಿ ಹಿಡಿದು ಕೋಲು ಹಾಕಿದೆ. ಎರಡು ಸುತ್ತು ತಿರುವಿರಬೇಕು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಟ್ಟೆ ಕರಗಿ ಪಾತ್ರೆಗೆ ಮೆತ್ತಿಕೊಂಡಿತ್ತು. ಬೆರಳು ಚುರುಕ್ ಎಂದದ್ದೇ ಕೈಬಿಟ್ಟೆ. ಪಾತ್ರೆ ಮಗುಚಿ, ಅರ್ಧ ಮುದ್ದೆ ನೆಲದ ಪಾಲಾಯಿತು. ಬೆರಳನ್ನು ನೀರಲ್ಲಿ ಅದ್ದಿಕೊಂಡು ಅಲ್ಲೇ ಕುಸಿದು ಕೂತೆ. "ಅಯ್ಯೋ" ಎನ್ನಲೂ ಒಬ್ಬರಿಲ್ಲವಲ್ಲ ಎಂದು ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಒದ್ದೆ ಕೈಯಲ್ಲೇ ಕೊಣನೂರಿಗೆ ಫೋನ್ ಮಾಡಿದೆ.

ಎತ್ತಿದ್ದು ಅತ್ತೆಯೇ. ನಾನು ಎಂದು ತಿಳಿದ ಕೂಡಲೇ ಕೇಳಿದರು: "ಉಂಡ್ಯಾ?"

ಮೂರು ತಿಂಗಳಿಂದ ಯಾರೂ ಕೇಳದ ಮಾತು. ಇಲ್ಲ ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಕೆಮ್ಮು ಬರುವ ತನಕ ನಕ್ಕರು.

"ಅಲ್ಲಿ ನೀವು ಪಾತ್ರೆ ಹಿಡೀತೀರಾ?" ಎಂದು ಕೇಳಿದೆ.

"ಎಲ್ಲಿ ಇಡೀಲಿ? ಸಾವಿತ್ರಿ ಕುಕ್ಕರ್‌ನಾಗೆ ಕೂಗಿಸ್ಬುಡ್ತಾಳೆ. ಒಲೆ ತಾವ ಓದ್ರೆ 'ನೀ ಸುಮ್ಕೆ ಕೂತ್ಕೊ ಅವ್ವ' ಅಂತಾಳೆ. ಮೂರು ತಿಂಗ್ಳಿಂದ ಕೂತೇ ಇವ್ನಿ ಕಣವ್ವ."

ಕೊನೆಗೆ ನಾನೇ, "ಬನ್ನಿ ಅತ್ತೆ. ನನಗೆ ಒಬ್ಬಳೇ ಇರೋಕೆ ಆಗ್ತಿಲ್ಲ" ಎಂದೆ.

"ಇದ್ನ ಯೋಳಾಕೆ ಮೂರು ತಿಂಗ್ಳು ಬೇಕಾಯ್ತಾ ನಿಂಗೆ? ನಾಳಿಕೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ."

"ನಿಮಗೇನು ಬಾಯಿರಲಿಲ್ವಾ? ನೀವೇ ಬರ್ತೀನಿ ಅನ್ನಬಹುದಿತ್ತು."

"ನಾನ್ಯಾಕೆ ಅನ್ಲಿ? ಬಿಸಾಕ್ದೋಳು ನೀನು!"

"ನಾನು ಎಸೆದದ್ದು ಬಟ್ಟೆ!"

ಅಲ್ಲಿಂದ ಶುರುವಾದ ಜಗಳ, ಫೋನಿನ ಚಾರ್ಜು ಮುಗಿದ ಮೇಲೆಯೇ ನಿಂತದ್ದು. ಹೊಟ್ಟೆ ತುಂಬಿದಂತಾಗಿ, ತಟ್ಟೆ ತೊಳೆದಿಡೋಣವೆಂದು ಎದ್ದಾಗ ನೆನಪಾಯಿತು, ನಾನಿನ್ನೂ ಉಂಡೇ ಇರಲಿಲ್ಲ.