ಮೂರು ಜನಕ್ಕೆ ಮಾತು ಕೊಟ್ಟ ಒಂದು ಓಟು

ನಾನು ಓಟು ಹಾಕಿಬಂದೆ. ಅಮೆರಿಕದ ಓಟು! ಮೊನ್ನೆ ಸಂಕ್ರಾಂತಿಯ ದಿನ, ಮಿಶಿಗನ್ ರಾಜ್ಯದ ನೋವೈ ಊರಿನ ಹಿಮದಲ್ಲಿ, ರೇಷ್ಮೆ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು ತೊಟ್ಟು, ಕಾಲಿಗೆ ಬೂಟು ಏರಿಸಿಕೊಂಡು ಹೋಗಿ ಹಾಕಿಬಂದೆ. ನನ್ನ ಮೊಮ್ಮಗಳು ಸಿಂಧುವೂ ಹಾಕಿದಳು. ಅವಳಿಗೆ ಹದಿನೆಂಟು ತುಂಬಿದ್ದು ಈಗ, ನಾನು ಈ ದೇಶದ ಪ್ರಜೆಯಾದದ್ದು ಹೋದ ಬೇಸಿಗೆಯಲ್ಲಿ. ಹೀಗಾಗಿ ಅಜ್ಜಿಗೂ ಮೊಮ್ಮಗಳಿಗೂ ಇಲ್ಲಿ ಒಂದೇ ದಿನ ಮೊದಲ ಓಟು. ಎಷ್ಟು ಮನೆಗಳಲ್ಲಿ ಹೀಗೆ ಕೂಡಿಬರುತ್ತದೆ ಹೇಳಿ? ಓಟು ಹಾಕಿದವರಿಗೆಂದು ಅಲ್ಲಿ ಕೊಟ್ಟ ಸ್ಟಿಕ್ಕರನ್ನು ಜಾಕೆಟ್ಟಿನ ಎದೆಗೆ ಅಂಟಿಸಿಕೊಂಡವಳು ಇನ್ನೂ ತೆಗೆದಿಲ್ಲ. ಸೊಸೆ "ಒಗೆಯೋಕೆ ಹಾಕ್ಬೇಕು, ಕೊಡಿ ಅತ್ತೆ" ಅನ್ನುತ್ತಾಳೆ. ಕೊಟ್ಟರೆ ತಾನೆ!

ನಾನು ಓದಿದ್ದು ನಂಜನಗೂಡಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ಕನ್ನಡವನ್ನು ನಿಧಾನವಾಗಿ ಓದುತ್ತೇನೆ, ಇಂಗ್ಲಿಷನ್ನು ನಿಧಾನವಾಗಿಯೂ ಓದಲಾರೆ. ಆದರೆ ಚುನಾವಣೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಊರಿನ ರಾಗಿಯೂ ಅಲ್ಲಿಗೇ ಬರುತ್ತಿತ್ತು, ಊರಿನ ರಾಜಕೀಯವೂ ಅಲ್ಲಿಗೇ ಬರುತ್ತಿತ್ತು. ಓಟು ಕೇಳುವವರು ಮೊದಲು ಗಿರಣಿಗೆ ಹೋಗಿ, ಮೀಸೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು, ಆಮೇಲೆ ಹಿಂದೆ ಇದ್ದ ನಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದರು. ನಮ್ಮತ್ತೆ ನನಗೆ ಕಲಿಸಿದ ಮರ್ಯಾದೆಗಳಲ್ಲಿ ಇದೂ ಒಂದು: ಬಾಗಿಲಿಗೆ ಬಂದು ಓಟು ಕೇಳಿದವರಿಗೆ ಇಲ್ಲ ಅನ್ನಬಾರದು. "ನಿಮಗಲ್ದೆ ಇನ್ಯಾರಿಗಪ್ಪ" ಅಂದು ಮಜ್ಜಿಗೆ ಕೊಟ್ಟು ಕಳಿಸಬೇಕು. ಬೆಳಿಗ್ಗೆ ಹಸುವಿನ ಗುರುತಿನವರಿಗೆ, ಮಧ್ಯಾಹ್ನ ಸೈಕಲ್ಲಿನವರಿಗೆ, ಸಂಜೆ ತಕ್ಕಡಿಯವರಿಗೆ. ಅವರೂ ಆ ಮಾತನ್ನು ನಂಬುತ್ತಿರಲಿಲ್ಲ, ನಾವೂ ನಂಬಲಿ ಎಂದು ಹೇಳುತ್ತಿರಲಿಲ್ಲ. ಮಜ್ಜಿಗೆ ಚೆನ್ನಾಗಿತ್ತು ತಾಯಿ ಎಂದು ಹೊರಟುಬಿಡುತ್ತಿದ್ದರು. ಮಾತು ಬಾಗಿಲಿನದು, ಓಟು ಪರದೆಯ ಹಿಂದಿನದು. ಪಾಪ, ನಮ್ಮ ಯಜಮಾನರಿಗೇ ಕೊನೆಯವರೆಗೂ ನಾನು ಯಾರಿಗೆ ಹಾಕುತ್ತಿದ್ದೆ ಎಂದು ತಿಳಿಯಲಿಲ್ಲ. ಕೇಳಿದಾಗಲೆಲ್ಲ "ನೀವು ಹೇಳ್ದೋರಿಗೇ ಕಣ್ರೀ" ಅನ್ನುತ್ತಿದ್ದೆ. ಅವರು ಸಂತೋಷವಾಗಿ ನಿದ್ದೆ ಹೋಗುತ್ತಿದ್ದರು.

ಇಷ್ಟು ಒಳ್ಳೆಯ ಅಭ್ಯಾಸವೇ ಇಲ್ಲಿ ನನ್ನನ್ನು ಸಿಕ್ಕಿಸಿಹಾಕಿತು. ಮೊದಲು ಈ ಚುನಾವಣೆ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ನನಗೇ ಅರ್ಥವಾಗಲು ಬಹಳ ದಿನ ಹಿಡಿಯಿತು. ಇದು ಪ್ರೆಸಿಡೆಂಟರನ್ನು ಆರಿಸುವ ಚುನಾವಣೆಯಲ್ಲ. ಪ್ರೆಸಿಡೆಂಟರ ಚುನಾವಣೆಗೆ ಪ್ರತಿ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಆರಿಸುವ ಚುನಾವಣೆ. ಮದುವೆ ನವೆಂಬರಿನಲ್ಲಿ, ಈಗ ನಡೆಯುವುದು ವರನನ್ನು ನೋಡುವ ಶಾಸ್ತ್ರ. ಅದೂ ಒಂದೇ ದಿನ ಎಲ್ಲ ಕಡೆ ಅಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ನೋಡಿಸಿಕೊಳ್ಳಲು ಬಂದವರು ಮನೆತುಂಬ ಜನ. ಅವರ ಹೆಸರುಗಳು ನನ್ನ ನಾಲಿಗೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಾನೇ ಹೆಸರಿಟ್ಟಿದ್ದೇನೆ. ನನ್ನ ಮಗ ಮಂಜುವಿನ ಅಭ್ಯರ್ಥಿ 'ಕಾರಿನವರು'. ಮಂಜು ಕಾರು ಕಂಪನಿಯಲ್ಲಿ ಎಂಜಿನಿಯರು, ಆ ಮನುಷ್ಯ ಟೀವಿಯಲ್ಲಿ ಬಂದಾಗಲೆಲ್ಲ ಕಾರಿನ ಕೆಲಸಗಳನ್ನು ಮಿಶಿಗನ್ನಿಗೆ ವಾಪಸ್ಸು ತರುತ್ತೇನೆ ಎನ್ನುತ್ತಾರೆ. ಸೊಸೆ ವೀಣಾಳ ಅಭ್ಯರ್ಥಿ ಒಬ್ಬ ಹೆಂಗಸು, ಅವರಿಗೆ ನಾನಿಟ್ಟ ಹೆಸರು 'ಯಜಮಾನಿ'. ಸಿಂಧುವಿನವರು 'ಭಾಷಣದ ಹುಡುಗ'. ಅವರು ಮಾತಾಡುತ್ತಿದ್ದರೆ ಏನು ಹೇಳಿದರೆಂದು ತಿಳಿಯದಿದ್ದರೂ ನನಗೆ ಮೈ ಜುಮ್ಮೆನ್ನುತ್ತದೆ. ಕಾರಿನವರದು ಒಂದು ಪಕ್ಷ, ಉಳಿದಿಬ್ಬರದು ಇನ್ನೊಂದು. ಅಂದರೆ ಮಗ ಒಂದು ಕಡೆ, ತಾಯಿ ಮಗಳು ಇನ್ನೊಂದು ಕಡೆಯೇ ಆದರೂ ಬೇರೆ ಬೇರೆ.

ಹೊಸ ವರ್ಷ ಹುಟ್ಟಿದ ಕೂಡಲೇ ಅಯೋವಾ ರಾಜ್ಯದ ಫಲಿತಾಂಶ ಬಂತು. ಭಾಷಣದ ಹುಡುಗ ಗೆದ್ದರು. ಸಿಂಧು ಮೇಲಿನ ಕೋಣೆಯಿಂದ ಕೂಗಿದ್ದಕ್ಕೆ ನಾನು ಬೆಂಕಿ ಬಿತ್ತೇನೋ ಎಂದು ದೇವರ ವಿಗ್ರಹ ಎತ್ತಿಕೊಂಡು ಬಾಗಿಲಿಗೆ ಬಂದಿದ್ದೆ. ವೀಣಾ ಅಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಕೆಲವೇ ದಿನಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಬಂತು. ಅಲ್ಲಿ ಯಜಮಾನಿ ಗೆದ್ದರು. ವೀಣಾ ಪಾಯಸ ಮಾಡಿದಳು, ಸಿಂಧು ಮುಟ್ಟಲಿಲ್ಲ. ಕಾರಿನವರು ಎರಡೂ ಕಡೆ ಸೋತರು. ಮಂಜು ಪಾಯಸ ಕಲಕುತ್ತಾ, "ನಮ್ಮ ಮಿಶಿಗನ್ ಬರ್ಲಿ, ಆಗ ನೋಡಿ. ಇಲ್ಲಿ ಜನಕ್ಕೆ ಕೆಲ್ಸ ಬೇಕು" ಎಂದ. ಆಗ ಸಿಂಧು ಒಂದು ಮಾತು ಅಂದಳು. "ಡ್ಯಾಡ್, ದೋಸ್ ಜಾಬ್ಸ್ ಆರ್ ನಾಟ್ ಕಮಿಂಗ್ ಬ್ಯಾಕ್." ಹೋದ ಕೆಲಸಗಳು ತಿರುಗಿ ಬರುವುದಿಲ್ಲ ಎಂದು. ಮಕ್ಕಳಿಗೆ ಅದು ಟೀವಿಯ ಮಾತು. ಆದರೆ ಮಂಜುವಿನ ಆಫೀಸಿನಲ್ಲಿ ಅಕ್ಕಪಕ್ಕದ ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಬೆಳಿಗ್ಗೆ ಅವನು ಕಾರಿನ ಹಿಮ ಕೆರೆಯುವಾಗ ಒಂದೊಂದು ಸಲ ಕೈ ನಿಲ್ಲಿಸಿ ಸುಮ್ಮನೆ ನಿಂತಿರುತ್ತಾನೆ. ಅದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಮಗಳ ಮಾತು ಕೇಳಿದವನೇ ಮಂಜು ಬಟ್ಟಲು ಎತ್ತಿಕೊಂಡು ಟೀವಿಯ ಮುಂದೆ ಹೋಗಿ ಕೂತ. ವೀಣಾ, "ಅಪ್ಪಂಗೆ ಹಾಗೆ ಮಾತಾಡ್ತಾರೇನೇ?" ಎಂದಳು. ಸಿಂಧು, "ಐ ಜಸ್ಟ್ ಸೆಡ್ ದ ಟ್ರೂತ್" ಎಂದು ಮೇಲೆ ಹೋದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಮೂರು ಊಟದ ಮನೆ. ಮಗ ಟೀವಿಯ ಮುಂದೆ, ಮೊಮ್ಮಗಳು ಮಹಡಿಯ ಮೇಲೆ, ಸೊಸೆ ಅಡುಗೆಕಟ್ಟೆಗೆ ಒರಗಿ ನಿಂತು. ದೊಡ್ಡ ಮೇಜಿನಲ್ಲಿ ನಾನೊಬ್ಬಳೇ, ಛತ್ರದಲ್ಲಿ ಕೊನೆಯ ಪಂಕ್ತಿಗೆ ಕೂತವಳ ಹಾಗೆ. ಯಾರು ಪ್ರೆಸಿಡೆಂಟರಾದರೂ ಆಗಲಿ, ಸಂಕ್ರಾಂತಿಯ ದಿನ ಈ ಮೂವರು ಒಂದು ಮೇಜಿಗೆ ಬರಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಆದರೆ ಇವರಿಗೆ ಬೇಕಾಗಿದ್ದದ್ದು ನನ್ನ ಓಟು.

ಮೊದಲು ಬಂದವನು ಮಂಜು. ಕಾಲ ಬಳಿ ಕೂತು, "ಅಮ್ಮ, ನಿನ್ ಓಟು ನಂಗೆ ತಾನೆ?" ಎಂದ. ಹೊಟ್ಟೆಯಲ್ಲಿ ಹುಟ್ಟಿದ ಮಗ ಕೇಳಿದರೆ ಏನೆನ್ನಲಿ? "ನಿಂಗಲ್ದೆ ಇನ್ಯಾರಿಗೋ" ಎಂದೆ. ಮರುದಿನ ವೀಣಾ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಅತ್ತೆ, ಒಂದ್ಸಲನಾದ್ರೂ ಹೆಂಗಸು ಬರ್ಲಿ ಅಲ್ವಾ?" ಎಂದಳು. ತಲೆ ಅವಳ ಕೈಯಲ್ಲಿತ್ತು. "ಹೂಂ ಕಣಮ್ಮ, ನಿಮ್ಮ ಯಜಮಾನಿಗೇ" ಎಂದೆ. ಸಿಂಧು ಸುಮ್ಮನೆ ಕುತ್ತಿಗೆಗೆ ಜೋತುಬಿದ್ದು "ಅಜ್ಜಿ, ಪ್ಲೀಸ್" ಎಂದಳು. ಅಷ್ಟೇ ಸಾಕಾಯಿತು. ಇಷ್ಟರಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ತಟ್ಟಿದ ಒಬ್ಬ ಬಿಳಿಯ ಹುಡುಗನಿಗೂ ನಾನು "ಎಸ್, ಎಸ್, ಶ್ಯೂರ್" ಎಂದು ಬಿಸಿ ಕಾಫಿ ಕೊಟ್ಟೆ. ಅವನು ಸಂತೋಷಪಟ್ಟು ನಮ್ಮ ಅಂಗಳದ ಹಿಮದಲ್ಲಿ ಒಂದು ಬೋರ್ಡು ನೆಟ್ಟುಹೋದ. ಅದರಲ್ಲಿದ್ದದ್ದು ನಮ್ಮ ಮನೆಯ ಮೂವರಲ್ಲಿ ಯಾರಿಗೂ ಬೇಡವಾದ ನಾಲ್ಕನೆಯವರ ಹೆಸರು! ಸಂಜೆ ಮಂಜು, ವೀಣಾ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿಕೊಂಡರು. ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಆಗಲೇ ನನಗೆ ಹೊಳೆಯಬೇಕಿತ್ತು, ಈ ದೇಶದಲ್ಲಿ ಬಾಗಿಲಿನ ಮಾತನ್ನು ಜನ ನಿಜವೆಂದೇ ನಂಬುತ್ತಾರೆ ಎಂದು.

ಮಾತು ಕೊಟ್ಟ ಮೇಲೆ ತರಬೇತಿ. "ಗುರುತು ಯಾವುದು?" ಎಂದು ಕೇಳಿದೆ. ಗುರುತೇ ಇಲ್ಲವಂತೆ, ಬರೀ ಅಕ್ಷರವಂತೆ. ಇಷ್ಟು ದೊಡ್ಡ ದೇಶ, ಒಂದು ಹಸುವಿನ ಚಿತ್ರ ಹಾಕಿಸಲಾರದೆ ಹೋಯಿತೇ? ಹಾಗಾಗಿ ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ನನಗೆ ಅಕ್ಷರದ ಆಕಾರ ಕಲಿಸಿದರು. ವೀಣಾ ಹಿಟ್ಟಿನಲ್ಲಿ ರಂಗೋಲಿಯ ಹಾಗೆ ಬರೆದು ತೋರಿಸಿದಳು. ಮಂಜು ಎಂಜಿನಿಯರನಲ್ಲವೇ, ಅಳತೆಪಟ್ಟಿ ಇಟ್ಟು ಬರೆದ. ಸಿಂಧುವಿನದೇ ಕಷ್ಟ. ಮಿಶಿಗನ್ನಿನವರು ಸರದಿ ತಪ್ಪಿಸಿ ಮುಂದೆ ನುಗ್ಗಿ ಚುನಾವಣೆ ಇಟ್ಟುಕೊಂಡರಂತೆ. ಅವಳ ಪಕ್ಷದ ದೊಡ್ಡವರಿಗೆ ಕೋಪ ಬಂದು, ಭಾಷಣದ ಹುಡುಗ ಇಲ್ಲಿ ತಮ್ಮ ಹೆಸರನ್ನೇ ತೆಗೆಸಿಕೊಂಡರಂತೆ, ಯಜಮಾನಿ ತೆಗೆಸಿಕೊಳ್ಳಲಿಲ್ಲವಂತೆ. ರೇಷನ್ ಅಂಗಡಿಯ ಸಾಲಿನಲ್ಲಿ ನುಗ್ಗಿದವರಿಗೆ ಸೀಮೆಎಣ್ಣೆ ಇಲ್ಲ ಎಂದ ಹಾಗೆ. ಆದ್ದರಿಂದ ಅವರ ಕಡೆಯವರೆಲ್ಲ 'ಅನ್‌ಕಮಿಟೆಡ್' ಎನ್ನುವುದಕ್ಕೆ, ಅಂದರೆ ಇಲ್ಲಿರುವ ಯಾರಿಗೂ ಅಲ್ಲ ಎನ್ನುವುದಕ್ಕೆ ಹಾಕಬೇಕು. ರೈಲಿನಷ್ಟು ಉದ್ದದ ಪದ. "ನೋಡಜ್ಜಿ, ಮಿಡಲ್‌ನಲ್ಲಿ ಟೂ ಕ್ಯಾಮಲ್ಸ್, ಆಮೇಲೆ ಟೂ ಕರೆಂಟ್ ಕಂಬ" ಎಂದು ಅದರೊಳಗಿನ ಎರಡು ಎಂ, ಎರಡು ಟಿ ತೋರಿಸಿ ಹೇಳಿಕೊಟ್ಟಳು. ಒಂಟೆ, ಕಂಬ ನನಗೆ ಚೆನ್ನಾಗಿಯೇ ನೆನಪುಳಿದವು. ಮೂವರ ಗುರುತುಗಳೂ ನೆನಪುಳಿದವು. ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಎಂದೂ ಅನುಮಾನವಿಲ್ಲ.

ಸಂಕ್ರಾಂತಿಯ ದಿನ ಸಂಜೆ ಮಂಜು, ವೀಣಾ ಕೆಲಸದಿಂದ ಬಂದ ಮೇಲೆ ನಾಲ್ವರೂ ಒಂದೇ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ವೈಪರ್ ಒಂದೇ ಮಾತಾಡುತ್ತಿತ್ತು. ಶಾಲೆಯೊಂದರ ಆಟದ ಹಾಲಿನಲ್ಲಿ ಓಟು. ಮೇಜಿನ ಹಿಂದೆ ನನ್ನ ವಯಸ್ಸಿನ ಒಬ್ಬ ಹೆಂಗಸು, ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡು ಕೂತಿದ್ದರು. ನನ್ನ ಸೀರೆ ನೋಡಿ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಕೇಳಿದ್ದನ್ನು ಸಿಂಧು ತಿಳಿಸಿದಾಗ ನನ್ನ ನಗು ಇಂಗಿಹೋಯಿತು. ಯಾವ ಪಕ್ಷದ ಓಟಿನ ಕಾಗದ ಬೇಕು ಎಂದು ಮೊದಲು ಇಲ್ಲೇ ಹೇಳಬೇಕಂತೆ! ಪರದೆಯಿಂದ ಹೊರಗೆ, ಎಲ್ಲರ ಎದುರಿಗೆ! ಇಂಥ ಏರ್ಪಾಡನ್ನು ನಾನು ನಂಜನಗೂಡಿನಲ್ಲಿ ಕಂಡಿರಲಿಲ್ಲ.

"ಹೇಳಮ್ಮ" ಎಂದ ಮಂಜು, ಹಿಂದಿನಿಂದ.

"ಯಾಕೆ, ನೀವ್ಯಾಕೆ ಹೇಳಿಕೊಡ್ತೀರಿ? ಅತ್ತೆ ನಮ್ಮ ಕಡೆ" ಎಂದಳು ವೀಣಾ.

"ನಿಮ್ಮ ಕಡೆ ಹೇಗಾಗುತ್ತೆ? ಅಮ್ಮ ನಂಗೆ ಮಾತು ಕೊಟ್ಟಿದಾಳೆ."

"ನಿಮಗಾ? ತಲೆಗೆ ಎಣ್ಣೆ ಹಚ್ಚುವಾಗ ನಂಗೆ ಹೇಳಿದ್ರು!"

"ವೇಯ್ಟ್, ವಾಟ್?" ಎಂದಳು ಸಿಂಧು. "ಅಜ್ಜಿ, ಯು ಪ್ರಾಮಿಸ್ಡ್ ಮೀ!"

ನಾನು ಬೂಟಿನ ತುದಿಯ ಹಿಮ ನೋಡುತ್ತಾ ನಿಂತೆ. ನನ್ನ ತಲೆಯ ಮೇಲಿಂದ ಮೂವರೂ ಮಾತಾಡುತ್ತಿದ್ದರು. ಆಗ ನನಗೆ ಹೊಳೆಯಿತು. ಅಯ್ಯೋ, ಇವರು ಮಾತಾಡುತ್ತಿದ್ದಾರೆ! ಪಾಯಸದ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಪ್ಪ ಮಗಳು, "ಡ್ಯಾಡ್, ಶೀ ಲೈಡ್ ಟು ಆಲ್ ಆಫ್ ಅಸ್", "ಹೌದು ಕಣೆ, ತಾತಂಗೂ ಹೀಗೇ ಮಾಡ್ತಿದ್ಲು" ಎಂದು ಒಬ್ಬರಿಗೊಬ್ಬರು ದೂರುತ್ತಿದ್ದಾರೆ! ಮಣಿಸರದ ಹೆಂಗಸು ಬೆರಳೆತ್ತಿ, ಇಲ್ಲಿ ಪಕ್ಷದ ಮಾತು ಆಡುವಂತಿಲ್ಲ, ದೂರ ನಿಲ್ಲಿ ಎಂದು ಮೂವರನ್ನೂ ಗೋಡೆಯ ಕಡೆಗೆ ಕಳಿಸಿದರು. ನಾನು ಸೆರಗನ್ನು ಅಡ್ಡ ಹಿಡಿದು, ಅದರ ಮರೆಯಲ್ಲಿ ಎರಡು ಕಟ್ಟುಗಳಲ್ಲಿ ಒಂದಕ್ಕೆ ಬೆರಳು ತೋರಿಸಿದೆ. ಅವರು ಕಣ್ಣು ಮಿಟುಕಿಸಿ ಕಾಗದವನ್ನು ಮಡಿಲಕ್ಕಿಯ ಹಾಗೆ ಮುಚ್ಚಿ ಕೊಟ್ಟರು. ಇಲ್ಲಿ ಮುದ್ರೆ ಇಲ್ಲ, ಹೆಸರಿನ ಪಕ್ಕದ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ಸಿಂಧು ಹುಟ್ಟಿದ ಮೇಲೆ ಈ ದೇಶಕ್ಕೆ ಬಂದವಳು ನಾನು. ಅವಳ ತೊಟ್ಟಿಲು ತೂಗಿದ ಕೈಯಿಂದ ಗೆರೆ ದಾಟದಂತೆ, ಚೂರೂ ಬಿಳಿ ಉಳಿಯದಂತೆ ತುಂಬಿದೆ. ಅಂಥ ಸೊನ್ನೆ ಆ ಹಾಲಿನಲ್ಲಿ ಇನ್ನೊಂದಿರಲಾರದು.

ಮನೆಗೆ ಬಂದು ಹುಗ್ಗಿ ಬಿಸಿ ಮಾಡಿ, ಎಳ್ಳುಬೆಲ್ಲ ಮೇಜಿಗಿಟ್ಟು ಟೀವಿ ಹಾಕಿದೆವು. ಕಾರಿನವರು ಗೆದ್ದರು. ಮಂಜು ಎದ್ದು ನಿಂತ. ಆ ಕಡೆಯ ಪಕ್ಷದಲ್ಲಿ ಯಜಮಾನಿ ಗೆದ್ದರು. ವೀಣಾ ಚಪ್ಪಾಳೆ ತಟ್ಟಿದಳು. ಆದರೆ ಯಾರಿಗೂ ಅಲ್ಲ ಎಂದವರು ಅಷ್ಟೊಂದು ಜನ ಎಂದು ತಿಳಿದು ಸಿಂಧು ಇಬ್ಬರಿಗಿಂತ ಜೋರಾಗಿ ಕುಣಿದಳು. ಹೆಸರೇ ಇಲ್ಲದೆ ಇಷ್ಟು ಓಟು ಬಿತ್ತಲ್ಲ ಎಂದು. ಸೋತವರಿಲ್ಲದ ಚುನಾವಣೆಯನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ. ಕುಣಿದು ಮುಗಿದ ಮೇಲೆ ಸಿಂಧು ಎಳ್ಳಿನ ತಟ್ಟೆ ಎತ್ತಿಕೊಂಡು, ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತಳು. "ತಗೊಳಿ ಡ್ಯಾಡ್. ಐ ಹೋಪ್ ಹಿ ಬ್ರಿಂಗ್ಸ್ ದೋಸ್ ಜಾಬ್ಸ್ ಬ್ಯಾಕ್. ಐ ರಿಯಲಿ ಡೂ." ಮಂಜು ಎಳ್ಳು ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟ. ಆಮೇಲೆ ತಟ್ಟೆಯಿಂದ ಸಕ್ಕರೆ ಅಚ್ಚು ತೆಗೆದು ಅರ್ಧ ಮುರಿದು ಅವಳ ಬಾಯಿಗೆ ಹಾಕಿದ. "ಬಾ, ಊಟ ಮಾಡೋಣ" ಎಂದ.

ನಾಲ್ಕೂ ಕುರ್ಚಿ ತುಂಬಿದವು. ನಾನು ಬಡಿಸಿ ಕೂತು ಒಂದು ತುತ್ತು ಎತ್ತಿದೆನೋ ಇಲ್ಲವೋ, ಮಂಜು ಶುರುಮಾಡಿದ. "ನಮ್ಮವ್ರು ಗೆದ್ದಿದ್ದು ಅಮ್ಮನ ಓಟಿಂದ." "ಸುಮ್ನಿರಿ, ಅದು ನಮ್ಮದು" ಎಂದಳು ವೀಣಾ. ಸಿಂಧು ಚಮಚ ನನ್ನ ಕಡೆ ತೋರಿಸಿ, "ಡೋಂಟ್ ಫೈಟ್. ಅಜ್ಜಿನೇ ಕೇಳೋಣ. ಡ್ಯಾಡ್, ನೀವು ಆ ಕಡೆಯಿಂದ, ಮಾಮ್ ಈ ಕಡೆಯಿಂದ. ಟುಡೇ ಶೀ ಇಸ್ ನಾಟ್ ಎಸ್ಕೇಪಿಂಗ್" ಎಂದಳು. ಮೂವರೂ ಕುರ್ಚಿಗಳನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಅಮೆರಿಕದ ಎರಡು ದೊಡ್ಡ ಪಕ್ಷಗಳು ಯಾರ ವಿರುದ್ಧವೂ ಹೀಗೆ ಒಂದಾದದ್ದು ನಾನು ಕೇಳಿಲ್ಲ. "ನಿಜ ಹೇಳಮ್ಮ, ಯಾರಿಗೆ ಹಾಕ್ದೆ?" ನಾನು ಮೂವರ ಮುಖವನ್ನೂ ಒಂದೊಂದಾಗಿ ನೋಡಿದೆ. ಎಷ್ಟು ಹತ್ತಿರದಲ್ಲಿದ್ದವು! "ನಿಮಗಲ್ದೆ ಇನ್ಯಾರಿಗ್ರೋ" ಎಂದು ಇನ್ನೊಂದು ಸೌಟು ಹುಗ್ಗಿ ಬಡಿಸಿಕೊಂಡು, ಬಾಯಿತುಂಬ ತುಂಬಿಕೊಂಡೆ.