ಭೀಮರಾಜು ಬಾಯಿಬಿಟ್ಟ ದಿನ

ತುಮಕೂರಿನಲ್ಲಿ ನಡೆದ ಒಂದು ದಿನದ ತರಬೇತಿಗೆ ಹೋಗಿ ಬಂದದ್ದೇ ಭೀಮರಾಜುವಿಗೆ ಮುಳುವಾಯಿತು. "ನಿಮ್ಮ ಬಗ್ಗೆ ನೀವೇ ಬಾಯಿಬಿಟ್ಟು ಹೇಳದಿದ್ದರೆ ಜನ ತಮಗೆ ತೋಚಿದ್ದನ್ನೇ ಅಂದುಕೊಳ್ಳುತ್ತಾರೆ. ನಾಳೆಯೇ ಆಫೀಸಿನಲ್ಲಿ ನಿಮ್ಮದೊಂದು ನಿಜ ಹೇಳಿ ನೋಡಿ" ಎಂದಿದ್ದರು ಅಲ್ಲಿ ಪಾಠ ಮಾಡಿದ ಮೇಡಂ.

ಭೀಮರಾಜು ಮಧುಗಿರಿಯ ಬೀಜ-ಗೊಬ್ಬರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಅವನ ಎಡಗಿವಿ ಹೋಗಿತ್ತು. ಹೆಂಡತಿ ಗಂಗಾಂಬಿಕಾಳನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಆಫೀಸಿನಲ್ಲಿ ಅವನ ಬಲಕ್ಕೆ ಗೋಡೆ, ಎಡಕ್ಕೆ ಜನ, ತಲೆಯ ಮೇಲೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವ ಫ್ಯಾನು. ಯಾರು ಕರೆದರೂ ತಿರುಗುತ್ತಿರಲಿಲ್ಲ. "ಸೊಕ್ಕಿನ ಮನುಷ್ಯ" ಎಂದು ಆರು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ಆ ಒಂದು ಮಾತು ಮಾತ್ರ ಹೇಗೋ ಬಲಗಿವಿಗೇ ಬಿದ್ದು ಅವನನ್ನು ಚುಚ್ಚುತ್ತಿತ್ತು.

ಬೆಳಗ್ಗೆ ಬಂದವನೇ ಕಂಪ್ಯೂಟರ್ ಕೆಲಸದ ಇಂದ್ರಮ್ಮನ ಮುಂದೆ ನಿಂತ.

"ಇಂದ್ರಮ್ಮೋರೇ, ನಂಗೆ ಎಡಗಿವಿ ಕೇಳ್ಸಲ್ಲ. ಅದುಕ್ಕೇ ನೀವು ಕರುದ್ರೆ ತಿರುಗಲ್ಲ. ಸೊಕ್ಕಲ್ಲ ಕಣಮ್ಮ."

ಇಂದ್ರಮ್ಮನ ಕಣ್ಣು ತುಂಬಿ ಬಂತು. "ಅಯ್ಯೋ ಶಿವನೇ! ಮೊದ್ಲೇ ಹೇಳ್ಬಾರ್ದಿತ್ತಾ? ನಾನ್ಯಾರ್ಗೂ ಹೇಳಕಿಲ್ಲ ಬುಡಿ."

ಹನ್ನೊಂದು ಗಂಟೆಗೆ ಗೋಡೌನಿನ ರಂಗಸ್ವಾಮಿ ಬಂದು ಭೀಮರಾಜುವಿನ ಒಳ್ಳೆಯ ಕಿವಿಗೆ ಬಾಯಿಟ್ಟು, ಹೊಲದಲ್ಲಿ ಹಂದಿ ಓಡಿಸುವವನ ಹಾಗೆ ಕೂಗಿದ: "ಅಣ್ಣೋ! ಟೀ ಕುಡುದ್ಯಾ?"

"ಮೆತ್ತಗೆ ಮಾತಾಡು ಮಾರಾಯ, ಈ ಕಿವಿ ಸರಿಯಾಗೈತೆ."

"ಪಾಪ, ಏನೂ ಕೇಳ್ಸಲ್ಲ ಕಣ್ರೀ ಇವ್ರಿಗೆ!" ಎಂದು ರಂಗಸ್ವಾಮಿ ಇಡೀ ಆಫೀಸಿಗೆ ಸಾರಿದ.

ಅಲ್ಲಿಂದ ಪರಿಹಾರಗಳು ಶುರುವಾದವು. ಇಂದ್ರಮ್ಮ ಗೊರವನಹಳ್ಳಿ ಅಮ್ಮನಿಗೆ ಹರಕೆ ಕಟ್ಟಿಕೊಳ್ಳಲು ಹೇಳಿದಳು. ರಂಗಸ್ವಾಮಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪಕ್ಕದ ಹೋಟೆಲಿನಿಂದ ಬೆಳ್ಳುಳ್ಳಿ ಜಜ್ಜಿ ಹಾಕಿದ ಬೆಚ್ಚನೆಯ ಎಣ್ಣೆ ತಂದು, "ನಮ್ಮಜ್ಜಿ ಇಂಗೇ ವಾಸಿ ಮಾಡೋಳು" ಎನ್ನುತ್ತ, ಊಟ ಮುಗಿಸಿ ಮೇಜಿನ ಮೇಲೆ ತಲೆಯಿಟ್ಟಿದ್ದ ಭೀಮರಾಜುವಿನ ಕಿವಿಗೆ ಸುರಿದೇಬಿಟ್ಟ. ಮೇಲೆ ಕಾಣುತ್ತಿದ್ದದ್ದು ಬಲಗಿವಿ.

ಈಗ ಎರಡೂ ಕಿವಿ ಬಂದ್. ಕಡ್ಲೆಕಾಯಿ ಬೀಜ ಕೇಳಿದ ರೈತನಿಗೆ ಅವನು ರಾಗಿ ಬರೆದುಕೊಟ್ಟ. ಆ ರೈತ ಬೈಯುತ್ತಿದ್ದರೆ, ಹರಸುತ್ತಿದ್ದಾನೆಂದು ತಿಳಿದು ಕೈಮುಗಿದ. ಕಿವಿಗೆ ಹತ್ತಿಯ ಬತ್ತಿ ಇಟ್ಟು, ಒಂಟಿ ಕಾಲಲ್ಲಿ ಕುಣಿದು ಎಣ್ಣೆ ಇಳಿಸುವ ಹೊತ್ತಿಗೆ ಮೂರು ಗಂಟೆಯಾಯಿತು. ಅಷ್ಟರಲ್ಲಿ ಮ್ಯಾನೇಜರ್ ಚನ್ನಮಲ್ಲಯ್ಯನವರಿಂದ ಕರೆ ಬಂತು.

ಚನ್ನಮಲ್ಲಯ್ಯನವರು ದಿನಾ ಸಂಜೆ ಕುರ್ಚಿ ಎಳೆದುಕೊಂಡು ಭೀಮರಾಜುವಿನ ಎಡಕ್ಕೆ ಕೂತು, ತಗ್ಗಿದ ದನಿಯಲ್ಲಿ ಏನೋ ಹೇಳಿ ಹೋಗುತ್ತಿದ್ದರು. ಫೈಲಿನ ವಿಷಯವಿರಬೇಕೆಂದು ಅವನು ನಗುತ್ತ ತಲೆಯಾಡಿಸುತ್ತಿದ್ದ. ಈಗ ಅವರ ಮುಖ ನೀರಿಲ್ಲದ ಕುಂಡದ ಗಿಡದಂತೆ ಬಾಡಿತ್ತು.

"ಬಾಗ್ಲು ಮುಂದಕ್ ಮಾಡ್ರಿ. ಆರು ವರ್ಷದಿಂದ ನನ್ ಮನೆ ಸಂಕಟ ಎಲ್ಲಾ ನಿಮ್ ಹತ್ರ ತೋಡ್ಕಂಡಿದ್ದೀನಿ. ನನ್ ತಮ್ಮ ಮಾತು ಬಿಟ್ಟಿದ್ದು, ಅಳಿಯ ಮುನಿಸ್ಕಂಡಿದ್ದು ಎಲ್ಲಾ. ಈ ಊರಲ್ಲಿ ನನ್ನ ಅರ್ಥ ಮಾಡ್ಕಂಡೋರು ಭೀಮರಾಜು ಒಬ್ರೇ ಅಂತ ಮನೆಯೋಳ್ಗೂ ಹೇಳಿದ್ದೆ. ಒಂದೂ ಕೇಳ್ಸಿಲ್ವೇನ್ರೀ?"

ಈ ಆಫೀಸಿನಲ್ಲಿ ತನ್ನನ್ನು ಸ್ನೇಹಿತನೆಂದುಕೊಂಡವರು ಒಬ್ಬರಾದರೂ ಇದ್ದಾರೆಂದು ಭೀಮರಾಜುವಿಗೆ ತಿಳಿದದ್ದು ಆಗಲೇ. ಅದನ್ನು ಕೈಯಾರೆ ಕೆಡಿಸಲು ಮನಸ್ಸು ಬರಲಿಲ್ಲ.

"ಕೇಳ್ಸಿದೆ ಸಾರ್. ಎಲ್ಲಾ ಕೇಳ್ಸಿದೆ."

"ಮತ್ತೆ ಕಿವುಡು ಅಂದಿದ್ದು?"

"ತರಬೇತೀಲಿ ಏನಾದ್ರೂ ಹೇಳ್ಕಳಿ ಅಂದ್ರು ಸಾರ್. ಸುಮ್ನೆ ಬಾಯಿಗ್ ಬಂದಿದ್ದು ಹೇಳ್ಬುಟ್ಟೆ."

ಚನ್ನಮಲ್ಲಯ್ಯನವರ ಮುಖ ಅರಳಿತು. "ಅಬ್ಬ! ಬದುಕಿದೆ ಕಣ್ರೀ. ನಿಮಗೆ ಕೇಳ್ಸಿಲ್ಲ ಅಂದಿದ್ರೆ ಈ ಆರ್ಡರ್‌ನೂ ವಾಪಸ್ ಕಳಿಸ್ಬೇಕಾಗಿತ್ತು" ಎಂದು ಒಂದು ಕಾಗದ ಮುಂದಿಟ್ಟರು.

"ಯಾವ್ ಆರ್ಡರ್ ಸಾರ್?"

"ಪಾವಗಡದ ಕಡೆ ರಾಯಚರ್ಲು ಶಾಖೆಗೆ ಯಾರೂ ಒಪ್ತಾ ಇಲ್ಲ, ನೀವು ಹೋಗ್ತೀರಾ ಅಂತ ಹೋದ್ ತಿಂಗ್ಳು ಕೇಳಿದ್ನಲ್ಲ? ನಕ್ಕೊಂಡು ತಲೆ ಆಡ್ಸಿದ್ರಿ. ಎಂಥಾ ದೊಡ್ಡ ಮನ್ಸು! 'ಸ್ವಂತ ಇಚ್ಛೆಯಿಂದ' ಅಂತಾನೇ ಬರ್ದು ಕಳ್ಸಿದ್ದೆ. ಸೋಮ್ವಾರ ಅಲ್ಲಿ ಸೇರ್ಕಳಿ."

"ಸಾರ್, ನಂಗೆ ನಿಜವಾಗ್ಲೂ ಎಡಗಿವಿ ಕೇಳ್ಸಲ್ಲ ಸಾರ್!"

"ಬುಡ್ರೀ, ಎಷ್ಟ್ ಸಲ ತಮಾಷೆ ಮಾಡ್ತೀರಿ" ಎಂದು ಅವರು ನಕ್ಕು ಬೆನ್ನು ತಟ್ಟಿದರು.

ಹೊರಗೆ ಇಂದ್ರಮ್ಮ, ರಂಗಸ್ವಾಮಿ ಬಾಗಿಲಿಗೆ ಅಂಟಿಕೊಂಡೇ ಇದ್ದರು. "ಎಲ್ಲಾ ಕೇಳ್ಸುತ್ತಂತೆ! ನನ್ ಕಣ್ಣೀರು ದಂಡ ಆಯ್ತಲ್ಲ" ಎಂದು ಇಂದ್ರಮ್ಮ ಮುಖ ತಿರುಗಿಸಿದಳು. ಎಣ್ಣೆಯ ಬಟ್ಟಲು ಹಿಡಿದು ರಂಗಸ್ವಾಮಿ ಗೋಡೌನಿಗೆ ಹೋದ.

ನಡೆದದ್ದನ್ನೆಲ್ಲ ಹೆಂಡತಿಗಾದರೂ ಹೇಳಿ ಹಗುರಾಗೋಣವೆಂದು ಭೀಮರಾಜು ಬೇಗನೆ ಮನೆ ಸೇರಿದ. ಗಂಗಾಂಬಿಕಾ ಊರಿನ ಶಾಲೆಯಲ್ಲಿ ಟೀಚರು. ಅವಳು ಕೆಲಸ ಬಿಟ್ಟು ರಾಯಚರ್ಲಿಗೆ ಬರುವಂತಿಲ್ಲ. ಅವನು ಬಾಯಿ ತೆರೆಯುವ ಮುನ್ನವೇ ಅವಳು ವರ್ಗಾವಣೆಯ ಕಾಗದ ಕಸಿದು ಎರಡು ಸಲ ಓದಿದಳು.

"ಸ್ವಂತ ಇಚ್ಛೆಯಿಂದ ಅಂತ ಐತಲ್ಲ! ನಂಗೊಂದ್ ಮಾತೂ ಹೇಳ್ದಂಗೆ ಇಚ್ಛೆ ಪಟ್ರಾ? ನಾನು ಅಷ್ಟು ಬ್ಯಾಡಾಗಿದ್ದೀನಾ?"

ಭೀಮರಾಜು ತರಬೇತಿಯಿಂದ ಹಿಡಿದು ಬೆಳ್ಳುಳ್ಳಿ ಎಣ್ಣೆಯವರೆಗೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಎರಡೂ ಕಿವಿ ಚೆನ್ನಾಗಿದ್ದ ಗಂಗಾಂಬಿಕಾಗೆ ಅದರಲ್ಲಿ ಒಂದು ಮಾತೂ ಕೇಳಿಸಲಿಲ್ಲ.